ಇಬ್ಬರು ಕೆಂಪೇಗೌಡರು: ವಂಶವೃಕ್ಷದ ಗೊಂದಲ ಬಿಡಿಸುವ ಬಗೆ

ತಾತನ ಹೆಸರನ್ನು ಮೊಮ್ಮಗನಿಗಿಡುವ ರೂಢಿ ಕನ್ನಡ ಕುಟುಂಬಗಳಲ್ಲಿ ಹಳೆಯದು. ಹಲವರು ಸೇರಿ ಅಂತರ್ಜಾಲದಲ್ಲಿ ಬೆಳೆಸುವ ವಂಶವೃಕ್ಷಗಳಲ್ಲಿ ಇದರಿಂದಾಗಿ ಇಬ್ಬರು ಪೂರ್ವಜರು ಒಬ್ಬರಾಗಿ, ತಲೆಮಾರೇ ಕಾಣೆಯಾಗುವುದುಂಟು.

ಯಲಹಂಕ ನಾಡಪ್ರಭುಗಳ ವಂಶ ಈ ಗೊಂದಲಕ್ಕೆ ತಕ್ಕ ನಿದರ್ಶನ. 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿಸಿದರೆನ್ನಲಾಗುವವರು ಹಿರಿಯ ಕೆಂಪೇಗೌಡರು. 1638ರಲ್ಲಿ ಬೆಂಗಳೂರನ್ನು ಬಿಜಾಪುರದ ರಣದುಲ್ಲಾಖಾನನಿಗೆ ಬಿಟ್ಟು ಮಾಗಡಿಗೆ ಸರಿದವರ ಹೆಸರೂ ಕೆಂಪೇಗೌಡರೇ. ನಡುವಣ ಅಂತರ 101 ವರ್ಷ. ಇಬ್ಬರೂ ಒಬ್ಬರೇ ಆಗಿರಲು ಸಾಧ್ಯವಿಲ್ಲ. ಮೇಖ್ರಿ ವೃತ್ತದ ಬಳಿಯದೂ ಸೇರಿದಂತೆ ನಾಲ್ಕು ಗಡಿಗೋಪುರಗಳನ್ನು ಜನ ಹಿರಿಯರಿಗೇ ಸಲ್ಲಿಸುತ್ತಾರೆ. ಅವು ಇಮ್ಮಡಿ ಕೆಂಪೇಗೌಡರವೆಂಬುದು ಹಲವು ಇತಿಹಾಸಕಾರರ ಮತ.

ಮನೆಯ ವಂಶವೃಕ್ಷದಲ್ಲೂ ಹೆಸರನ್ನು ಬದಿಗಿಟ್ಟು ಇಸವಿ, ಊರು, ಹೆಂಡತಿ ಮಕ್ಕಳ ವಿವರಗಳನ್ನು ತಾಳೆ ನೋಡಬೇಕು. ತಂದೆ ತೀರಿಕೊಂಡು ಎಷ್ಟೋ ವರ್ಷಗಳ ಬಳಿಕ ಮಗ ಹುಟ್ಟಿದಂತೆ ತೋರಿದರೆ ಗಂಟು ಅಲ್ಲೇ ಇದೆ. ಫ್ಯಾಮಿಲಿಸರ್ಚ್ ತಾಣದಲ್ಲಿ, ವಿಲೀನದ ಬಳಿಕ ಬೇರೆ ತಿದ್ದುಪಡಿ ಆಗಿರದಿದ್ದರೆ, ಬದಲಾವಣೆಗಳ ಪಟ್ಟಿಯಿಂದಲೇ ಅದನ್ನು ರದ್ದುಪಡಿಸಬಹುದು. ಆಗಿದ್ದರೆ ಅಳಿಸಿದ ವ್ಯಕ್ತಿಯ ಪುಟವನ್ನು ಮರಳಿ ತಂದು, ಸಂಬಂಧಗಳನ್ನು ಒಂದೊಂದಾಗಿ ಬಿಡಿಸಬೇಕು. ಇದು ತಾಳ್ಮೆಯ ಕೆಲಸ. ಕಾರಣವನ್ನೂ ಅಲ್ಲೇ ಬರೆದಿಡುವುದು ಒಳಿತು. ಇಲ್ಲವಾದರೆ ಮತ್ತೊಬ್ಬ ಬಂಧು ಇಬ್ಬರನ್ನೂ ಪುನಃ ಕೂಡಿಸಿಯಾರು.