ವಿಳಾಸದ ಬದು

ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತಿದ್ದ ಪುಟ್ಟ ಫ್ಲಾಸ್ಕ್ ಅಪ್ಲಿಕೇಶನ್ ಸರ್ವರಿಗೆ ಏರಿಸಿದ ಕೂಡಲೇ 404 ಎನ್ನತೊಡಗಿದರೆ ಮೊದಲ ಗುಮಾನಿ ಕೋಡಿನ ಮೇಲೆ. ಬೇರು ಇರುವುದು ಅದಕ್ಕಿಂತ ಹಿಂದೆ. ವೆಬ್ ವಿಳಾಸದಲ್ಲಿ ಸರ್ವರಿನ ಪಾಲೆಷ್ಟು, ಪ್ರೋಗ್ರಾಮಿನ ಪಾಲೆಷ್ಟು ಎಂಬ ಹಳೆಯ ಬದುವಿನ ತಕರಾರು ಇದು.

ಶುರುವಿನಲ್ಲಿ ತಕರಾರಿಗೆ ಆಸ್ಪದವೇ ಇರಲಿಲ್ಲ. ವಿಳಾಸದ ಸ್ಲ್ಯಾಶ್‌ಗಳು ಸಾಮಾನ್ಯವಾಗಿ ಡಿಸ್ಕಿನ ಫೋಲ್ಡರ್‌ಗಳನ್ನೇ ಸೂಚಿಸುತ್ತಿದ್ದವು. ಫೈಲ್ ಇದ್ದರೆ ಪುಟ, ಇಲ್ಲವಾದರೆ 404. 1993ರಲ್ಲಿ ಇಲಿನಾಯ್‌ನ ಎನ್‌ಸಿಎಸ್‌ಎ ಸರ್ವರಿನ ಜೊತೆಗೆ ಸಿಜಿಐ ಎಂಬ ಒಪ್ಪಂದ ರೂಪುಗೊಂಡು, ಫೈಲಿನ ಜಾಗದಲ್ಲಿ ಪ್ರೋಗ್ರಾಮ್ ಬಂದು ಕೂತಿತು. ಆಗ ವಿಳಾಸ ಎರಡು ಪಾಲಾಯಿತು: ಪ್ರೋಗ್ರಾಮ್‌ವರೆಗಿನ ದಾರಿ ‘ಸ್ಕ್ರಿಪ್ಟ್ ನೇಮ್’, ಅದರಾಚೆ ಉಳಿದದ್ದು ‘ಪಾತ್ ಇನ್ಫೊ’. 1996ರಲ್ಲಿ ರಾಲ್ಫ್ ಎಂಗಲ್‌ಶಾಲ್ ಅಪಾಚೆಗಾಗಿ ಮಾಡ್‌-ರೀರೈಟ್ ಬರೆದರು. ಬಂದ ವಿಳಾಸವನ್ನು ನಡುದಾರಿಯಲ್ಲೇ ತಿದ್ದುವುದು ಸುಲಭವಾಯಿತು, ಬದು ಮಸುಕಾಯಿತು. ಪೈಥಾನಿನವರು 2003ರಲ್ಲಿ ಸಿಜಿಐನಂಥದ್ದೇ ಒಪ್ಪಂದವಾಗಿ ಡಬ್ಲ್ಯುಎಸ್‌ಜಿಐ ಮಾಡಿಕೊಂಡಾಗ ಅದೇ ಎರಡು ಹೆಸರುಗಳನ್ನು ಹಾಗೇ ಉಳಿಸಿಕೊಂಡರು. ಆಮೇಲೆ ರೂಬಿಯಲ್ಲಿ 2007ರ ಸಿನಾಟ್ರ, ಪೈಥಾನಿನಲ್ಲಿ 2010ರ ಫ್ಲಾಸ್ಕ್ ರೂಟ್ (ಯಾವ ವಿಳಾಸಕ್ಕೆ ಯಾವ ಕೋಡ್ ಎಂಬ ನಿಯಮ) ಬರೆಯುವುದನ್ನು ಒಂದು ಸಾಲಿನ ಕೆಲಸವಾಗಿಸಿದವು. ‘/ಸರಕು’ ಎಂದು ಆ ಸಾಲು ಬರೆದವರಿಗೆ ಇಡೀ ವಿಳಾಸ ತಮ್ಮದೇ ಅನ್ನಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಅದು ನಿಜವೂ ಹೌದು, ಯಾಕೆಂದರೆ ಅಲ್ಲಿ ಸ್ಕ್ರಿಪ್ಟ್ ನೇಮ್ ಖಾಲಿ.

ಸೂಚನೆ ಓದದವರ ಎಡವಟ್ಟಿಗೆ ಇತಿಹಾಸದ ಹೊದಿಕೆ ಯಾಕೆ ಎಂದು ಕೇಳಬಹುದು. ಅಪ್ಲಿಕೇಶನ್ನಿನ ಮುಂದೆ ನಿಲ್ಲುವ ಎಂಜಿನ್‌ಎಕ್ಸ್ ಸರ್ವರಿನ ಒಂದು ಸ್ಲ್ಯಾಶ್ ನೋಡಿದರೆ ಉತ್ತರ ಸಿಗುತ್ತದೆ. ‘/ಅಂಗಡಿ/’ಗೆ ಬಂದ ಕೋರಿಕೆಯನ್ನು 8000ನೇ ಪೋರ್ಟಿಗೆ ದಾಟಿಸುವ ಪ್ರಾಕ್ಸಿ ಸಾಲು ಪೋರ್ಟ್ ಸಂಖ್ಯೆಗೇ ಮುಗಿದರೆ ‘/ಅಂಗಡಿ/ಸರಕು’ ಇಡಿಯಾಗಿ ಹೋಗುತ್ತದೆ. ಅಂಥ ರೂಟ್ ಇಲ್ಲ, 404. ಕೊನೆಗೊಂದು ಸ್ಲ್ಯಾಶ್ ಸೇರಿಸಿದರೆ ‘/ಸರಕು’ ಮಾತ್ರ ತಲುಪಿ ಪುಟ ತೆರೆಯುತ್ತದೆ. ಆದರೆ ತಾನಿರುವುದು ಅಂಗಡಿಯೊಳಗೆ ಎಂದು ಅಪ್ಲಿಕೇಶನ್ನಿಗೆ ಯಾರೂ ಹೇಳಿಲ್ಲ. ಅದು ಲಾಗಿನ್ ಕೊಂಡಿಯನ್ನು ಬರೀ ‘/ಲಾಗಿನ್’ ಎಂದು ಕಟ್ಟುತ್ತದೆ, ಒತ್ತಿದವರು ಅಂಗಡಿಯಿಂದ ಹೊರಗೆ ಬೀಳುತ್ತಾರೆ. ಪ್ರಾಕ್ಸಿಯ ಸಾಲು, ರೂಟಿನ ಸಾಲು ಎರಡನ್ನೂ ಬಿಡಿಯಾಗಿ ಓದಿದರೆ ಯಾವುದರಲ್ಲೂ ತಪ್ಪು ಸಿಕ್ಕುವುದಿಲ್ಲ.

ಅಪ್ಲಿಕೇಶನ್ನಿಗೊಂದು ಸಬ್‌ಡೊಮೈನ್ ಕೊಟ್ಟರೆ ರಗಳೆಯೇ ಇಲ್ಲ ಎನ್ನುವುದು ಗಟ್ಟಿ ವಾದ. ಸಾಧ್ಯವಿದ್ದವರು ಹಾಗೇ ಮಾಡಬೇಕು. ಒಂದೇ ಡೊಮೈನಿನಡಿ ಹತ್ತಾರು ಅಪ್ಲಿಕೇಶನ್ ಇಡಬೇಕಾದ ಕಡೆ ಅದು ನಡೆಯುವುದಿಲ್ಲ. ಅಲ್ಲಿ ಕಡಿದ ಭಾಗವನ್ನು ಪ್ರಾಕ್ಸಿ ಒಂದು ಹೆಡರಿನಲ್ಲಿ ಕಳಿಸಬೇಕು, ಫ್ಲಾಸ್ಕಿನ ಅಡಿಪಾಯವಾದ ವರ್ಕ್‌ಝೋಯ್ಗ್‌ನ ಪ್ರಾಕ್ಸಿಫಿಕ್ಸ್‌ಗೆ ಅದನ್ನು ನಂಬು ಎಂದು ಬಾಯಿಬಿಟ್ಟು ಹೇಳಬೇಕು. ಹೊರಗಿನವರು ಯಾರು ಬೇಕಾದರೂ ಆ ಹೆಡರ್ ಕಳಿಸಬಹುದಾದ್ದರಿಂದ ಪ್ರಾಕ್ಸಿಫಿಕ್ಸ್ ಅದನ್ನು ತಾನಾಗಿ ನಂಬುವುದಿಲ್ಲ. ನಂಬಿದ ಮೇಲೆ ಅದು ಆ ಬೆಲೆಯನ್ನು ತುಂಬುವುದು ಸ್ಕ್ರಿಪ್ಟ್ ನೇಮ್ ಎಂಬ ಆ ಹಳೆಯ ಖಾನೆಗೇ. ಹಾಗಾಗಿ 404 ಬಂದಾಗ ರೂಟುಗಳನ್ನು ತಿದ್ದಲು ಹೊರಡುವ ಮೊದಲು ಲಾಗ್‌ನಲ್ಲಿ ಸ್ಕ್ರಿಪ್ಟ್ ನೇಮ್, ಪಾತ್ ಇನ್ಫೊ ಎರಡನ್ನೂ ಅಕ್ಕಪಕ್ಕ ಮುದ್ರಿಸಿ ನೋಡುವುದು ಮೇಲು.