ಓಸ್ಟನ್ನರ ಮೂಕಚಿತ್ರಗಳು
ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಗೆ ಸೇರಿ ಮುಂಬಯಿ ಪ್ರಾಂತದ ಅಂಗವಾಗಿದ್ದ ಕಾಲದಲ್ಲಿ, ಆ ಪ್ರಾಂತದ ರಾಜಧಾನಿಯ ಚಿತ್ರೋದ್ಯಮವನ್ನು ರೂಪಿಸಿದವರಲ್ಲಿ ಜರ್ಮನಿಯ ಮ್ಯೂನಿಕ್ಕಿನ ನಿರ್ದೇಶಕ ಫ್ರಾಂಜ್ ಓಸ್ಟನ್ನರೂ ಒಬ್ಬರು. ನಟ-ನಿರ್ಮಾಪಕ ಹಿಮಾಂಶು ರಾಯರೊಡಗೂಡಿ ಅವರು ರಚಿಸಿದ ‘ಪ್ರೇಮ ಸನ್ಯಾಸ’ (1925), ‘ಶಿರಾಜ್’ (1928), ‘ಪ್ರಪಂಚ ಪಾಶ’ (1929) ಎಂಬ ಮೂಕಚಿತ್ರತ್ರಯದಲ್ಲಿ, ಕೃತಕ ರಂಗಸಜ್ಜೆಯನ್ನು ತೊರೆದು, ನಿಜವಾದ ಅರಮನೆ, ಆನೆ, ಜನಸ್ತೋಮಗಳನ್ನು ಹಗಲ ಬೆಳಕಿನಲ್ಲಿಯೇ ಸೆರೆಹಿಡಿದ ವೈಖರಿಯು, ಕಂಪನಿ ನಾಟಕದ ಬಣ್ಣದ ಪರದೆಗೆ ಒಗ್ಗಿದ ನಮ್ಮ ಕಡೆಯ ಕಣ್ಣಿಗೆ ನೂತನವಾಗಿಯೇ ತೋರಬೇಕು. ಕಥೆಯಾದರೋ ವಿದೇಶೀಯರ ಕುತೂಹಲಕ್ಕೆಂದೇ ಹೆಣೆದಂತಿದೆ, ಅದು ಬೇರೆ ಮಾತು. ಮುಂದೆ ಬಾಂಬೆ ಟಾಕೀಸ್ ಎಂಬ ಚಿತ್ರಸಂಸ್ಥೆಯಲ್ಲಿ ಹಿಂದಿಯನ್ನರಿಯದೆಯೇ ‘ಅಛೂತ್ ಕನ್ಯಾ’ವನ್ನು (1936) ನಿರ್ದೇಶಿಸಿದ ಇವರನ್ನು, 1939ರಲ್ಲಿ ಯುದ್ಧವೊದಗಲು ಜರ್ಮನ್ ಪ್ರಜೆಯೆಂದು ಬ್ರಿಟಿಷರು ಬಂಧನದಲ್ಲಿರಿಸಿದರು. ಆ ಚಿತ್ರದ ನಾಯಿಕೆ ದೇವಿಕಾ ರಾಣಿ ಬೆಂಗಳೂರಿನ ಸಮೀಪದ ತಾತಗುಣಿಯಲ್ಲಿ ನೆಲೆಸಿ, 1994ರಲ್ಲಿ ಕಾಲವಾದರು.