ಪ್ಲೇಗಿನ ಕಾಲ, ಕೊರೊನಾ ಕಾಲ: ಜಾತ್ರೆಯಿಲ್ಲದ ಎರಡು ವರ್ಷಗಳು

ಈ ಸಲದ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಬೇಕೆಂದು ಉತ್ಸವ ಸಮಿತಿಯವರು ಕೇಳಿದಾಗ ನಾನು ಹಿಂಜರಿದೆ. ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಕಿರಾಣಿ ಅಂಗಡಿಯಲ್ಲಿ ಕುಳಿತವನು ನಾನು. ಆದರೆ ಗುಡಿಯ ಜಮಾ-ಖರ್ಚಿನ ವಹಿ ನನ್ನ ಹತ್ತಿರ ಇರುತ್ತದೆ. ಅದರಲ್ಲಿ 2020 ಮತ್ತು 2021ನೇ ಇಸವಿಯ ಜಾತ್ರೆಯ ಪುಟಗಳು ಖಾಲಿ ಇವೆ. ಮುಂದೆ ಬರುವ ಹುಡುಗರು ಯಾಕೆಂದು ಕೇಳಿದರೆ ಉತ್ತರ ಇರಲೆಂದು ಇದನ್ನು ಬರೆದಿದ್ದೇನೆ.

ನಮ್ಮ ಅಜ್ಜಿಗೆ ಅವರ ಅತ್ತೆ ಹೇಳಿದ್ದ ಪ್ಲೇಗಿನ ಮಾತುಗಳನ್ನು ನಾನು ಚಿಕ್ಕವನಿದ್ದಾಗ ಕೇಳಿದ್ದುಂಟು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಪಾತ್ರೆ-ಪಡಗ ಕಟ್ಟಿಕೊಂಡು ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ದಾರಿ ಹಿಡಿದು ಪುಣೆಗೆ, ಮುಂದೆ ಹುಬ್ಬಳ್ಳಿ-ಧಾರವಾಡಕ್ಕೆ ಇಳಿಯಿತು. ಆ ದಾರಿಯ ನಡುವೆ ಇರುವುದೇ ನಮ್ಮ ಮಿರಜ್ ಜಂಕ್ಷನ್. 1897ರಲ್ಲಿ ಇಂಗ್ಲಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿತು. ಪುಣೆಯಲ್ಲಿ ಸೋಜರರು ಮನೆ ಮನೆ ಹೊಕ್ಕು ರೋಗಿಗಳನ್ನು ಹುಡುಕಿದರು, ದೇವರ ಕೋಣೆಯನ್ನೂ ಬಿಡಲಿಲ್ಲ. ಜನ ಸಿಟ್ಟಿಗೆದ್ದರು. ಅದೇ ವರ್ಷ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಚಾಫೇಕರ ಸಹೋದರರು ಗುಂಡು ಹಾರಿಸಿದ್ದು ಎಲ್ಲರೂ ಬಲ್ಲ ಸಂಗತಿ.

ಹುಬ್ಬಳ್ಳಿಯ ಕಥೆ ಬೇರೆ, ಅದನ್ನು ಬಲ್ಲವರು ಕಡಿಮೆ. ಡಾ. ಹಾಫ್ಕಿನ್ ಎಂಬವರು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಉಲ್ಬಣಿಸಿದಾಗ ಡಾ. ಲ್ಯೂಮನ್ ಎಂಬ ವೈದ್ಯರು, ಸುಮಾರು 50 ಸಾವಿರ ಜನವಸತಿಯ ಆ ಊರಲ್ಲಿ, 30 ಸಾವಿರಕ್ಕೂ ಹೆಚ್ಚು ಜನರಿಗೆ ಆ ಲಸಿಕೆ ಹಾಕಿದರು. ಪುಣೆಯಲ್ಲಿ ಬಾಗಿಲು ಹಾಕಿಕೊಂಡ ಜನ ಹುಬ್ಬಳ್ಳಿಯಲ್ಲಿ ತಾವಾಗಿ ತೋಳು ಚಾಚಿದ್ದಾರೆ! ಹೆದರಿಕೆ ಎರಡೂ ಊರಲ್ಲಿ ಒಂದೇ ಇತ್ತೆಂದು ನನ್ನ ಎಣಿಕೆ.

ಇನ್ನು ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರಕಾರ ಅದೇ 1897ರ ಕಾಯಿದೆಯನ್ನು ಜಾರಿಗೆ ತಂದಿತು. ಮಾರ್ಚ್ 23ರಂದು ನಮ್ಮ ಜಿಲ್ಲೆಯ ಇಸ್ಲಾಂಪುರದಲ್ಲಿ, ಸೌದಿ ಅರೇಬಿಯಾದಿಂದ ಮರಳಿದ ಒಂದೇ ಮನೆಯ ನಾಲ್ವರಿಗೆ ರೋಗವಿರುವುದು ತಿಳಿಯಿತು. ವಾರದೊಳಗೆ ಅವರ ಬಳಗದಲ್ಲೇ ಸಂಖ್ಯೆ 20 ದಾಟಿತು. ಮಿರಜಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಕೊರೊನಾಕ್ಕೆಂದೇ ಮೀಸಲಿಡಲಾಯಿತು. ಆ ಬಳಗದವರು ಗುಣವಾಗಿ ಮನೆಗೆ ಹೊರಟ ಸುದ್ದಿ ಓದಿದ ದಿನ ನಮಗೆಲ್ಲ ಎಷ್ಟು ಧೈರ್ಯ ಬಂತೆಂಬುದನ್ನು ಈಗ ಹೇಳಿದರೆ ತಿಳಿಯಲಿಕ್ಕಿಲ್ಲ.

ಸಾಂಗಲಿ-ಮಿರಜ್-ಕುಪವಾಡ ಮಹಾನಗರಪಾಲಿಕೆ 1998ರಲ್ಲಿ ಹುಟ್ಟಿದ್ದು. ಮೂರು ಊರು ಸೇರಿ ಒಂದಾದ ಈ ಪಾಲಿಕೆಗೆ 2019ರ ಆಗಸ್ಟಿನ ಕೃಷ್ಣೆಯ ಮಹಾಪೂರದ ಕೆಸರು ತೊಳೆದು ವರ್ಷವೂ ಆಗಿರಲಿಲ್ಲ. ಅದೇ ಸಫಾಯಿ ಕಾಮಗಾರರು ಮತ್ತೆ ಬೀದಿಗಿಳಿದರು. ರೋಗಿ ಸಿಕ್ಕ ಓಣಿಗೆ ಬಿದಿರು-ಪತ್ರೆ ಕಟ್ಟುವುದು, ಔಷಧ ಸಿಂಪಡಿಸುವುದು, ಸತ್ತವರ ಅಂತ್ಯಕ್ರಿಯೆ, ಎಲ್ಲ ಅವರ ಪಾಲಿಗೆ. ಆಶಾ ತಾಯಂದಿರು ಬಿಸಿಲಲ್ಲಿ ಮನೆ ಮನೆ ತಿರುಗಿ ಜ್ವರ ನೋಡಿದರು. ಆ ವರ್ಷ ಗಣೇಶೋತ್ಸವದಲ್ಲಿ ಮಂಡಳದ ಮೂರ್ತಿಗೆ ನಾಲ್ಕು ಅಡಿ, ಮನೆಯದಕ್ಕೆ ಎರಡು ಅಡಿ ಎಂದು ಸರಕಾರ ಮಿತಿ ಹಾಕಿತು. ಕಮಾನುಗಳಿಗೆ ಹೆಸರಾದ ಮಿರಜಿನ ವಿಸರ್ಜನೆ ಮೆರವಣಿಗೆ ಇಲ್ಲದೆ ಹೋಯಿತು.

ಅತ್ತ ಕಾಗವಾಡದ ಗಡಿಯಲ್ಲಿ ತಪಾಸಣೆ ಕುಳಿತಿತು. ಅಥಣಿ, ರಾಯಬಾಗದವರು ದವಾಖಾನೆಗೆಂದು ಮೊದಲಿನಿಂದ ಬರುವುದು ಮಿರಜಿಗೆ. ಡಾ. ವಾನ್‌ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದ ಮೇಲೆ ಬಂದ ರೂಢಿ ಅದು. ನಮ್ಮ ಅರ್ಧ ಬೀಗರು ಆ ಕಡೆಯವರು. ಬಾಣಂತನಕ್ಕೂ, ಮಣ್ಣಿಗೂ ಹೋಗಲಾರದೆ ಜನ ಫೋನಿನಲ್ಲೇ ಅತ್ತರು.

ಗುಡಿಯ ಬಾಗಿಲು ಹಾಕಿದಾಗ ನಮ್ಮ ಸಮಿತಿಯಲ್ಲಿ ಜಗಳವೇ ಆಯಿತು. ನಡುರಾತ್ರಿ ನಾಲ್ಕೇ ಜನ ಪಾಲಕಿ ಹೊತ್ತು ಒಂದು ಸುತ್ತು ಹಾಕಿಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದರು ಹಿರಿಯರೊಬ್ಬರು. ಬೇಡವೆಂದವನು ನಾನು. ಬಾಗಿಲಿಗೆ ಸೂಚನೆ ಅಂಟಿಸಿದವನೂ ನಾನೇ. ಅರ್ಚಕರು ಒಬ್ಬರೇ ಒಳಗೆ ಪೂಜೆ ಮಾಡಿ ಬರುತ್ತಿದ್ದರು.

ಅದೇ ನನಗೆ ಆ ಆಗಸ್ಟಿನಲ್ಲಿ ಜ್ವರ ಬಂತು. ಓಣಿಗೆ ಪತ್ರೆ ಬೀಳುತ್ತದೆ, ಅಂಗಡಿ ಮುಚ್ಚುತ್ತದೆ, ಟ್ರಸ್ಟಿಗೇ ಬಂತೆಂದು ಜನ ಆಡಿಕೊಳ್ಳುತ್ತಾರೆ ಎಂದು ಮೂರು ದಿನ ಗುಳಿಗೆ ನುಂಗಿ ಹಿಂಬಾಗಿಲಿನಿಂದ ವ್ಯಾಪಾರ ಮಾಡಿದೆ. ನಾಲ್ಕನೆಯ ದಿನ ಮನೆಗೆ ಬಂದ ಆಶಾ ತಾಯಿ ನನ್ನ ಮುಖ ನೋಡಿಯೇ, "ಕಾಕಾ, ಮುಚ್ಚಿಡಬ್ಯಾಡ್ರಿ, ಮನ್ಯಾಗ ಸಣ್ಣ ಮಕ್ಕಳದಾವ" ಎಂದಳು. ತಪಾಸಣೆಯಲ್ಲಿ ರೋಗ ಇತ್ತು. ನನಗೆ ಹಗುರಾಗಿ ಹೋಯಿತು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೂ ಬಂತು, ಅವನಿಂದ ಅವನ ತಂದೆಗೆ. ಅವರು ಆಕ್ಸಿಜನ್ ಮೇಲೆ ಹದಿನೇಳು ದಿನ ಇದ್ದು ಉಳಿದು ಬಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪ್ಲೇಗಿನಲ್ಲಿ ರೋಗಿಗಳನ್ನು ಅಡಗಿಸಿಟ್ಟ ಜನರನ್ನು ಅಜ್ಜಿ ತಿಳಿಗೇಡಿಗಳು ಎನ್ನುತ್ತಿದ್ದಳು. ನಾನು ಶಾಲೆ ಕಲಿತವನು.

2020ರ ನವೆಂಬರ್ 16ರಂದು, ದೀಪಾವಳಿ ಪಾಡ್ಯದ ದಿನ, ಗುಡಿ ತೆರೆಯಿತು. 2021ರ ಏಪ್ರಿಲಿನಲ್ಲಿ ಮತ್ತೆ ಮುಚ್ಚಿ, ಅಕ್ಟೋಬರ್ 7ರ ಘಟಸ್ಥಾಪನೆಗೆ ತೆರೆಯಿತು. ಅಷ್ಟರಲ್ಲಿ ಲಸಿಕೆ ಬಂದಿತ್ತು. ಪಾಲಿಕೆಯ ದವಾಖಾನೆಯ ಮುಂದೆ ಸರದಿಯಲ್ಲಿ ನಾನೂ ಆ ಹುಡುಗನ ತಂದೆಯೂ ಒಂದೇ ದಿನ ನಿಂತೆವು. ಅವರಿಗೆ ಈಗ ಗುಡಿಯ ಮೆಟ್ಟಿಲು ಹತ್ತಲು ದಮ್ಮು ಸಾಲುವುದಿಲ್ಲ. ಪಾಲಕಿಯ ದಿನ ಕೆಳಗೆ ಕಟ್ಟೆಯ ಮೇಲೆ ಅವರಿಗೊಂದು ಕುರ್ಚಿ ಹಾಕಿಸುತ್ತೇನೆ. ಪಾಲಕಿ ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತದೆ.